ಫೈಲ್ ನಡುದಾರಿಯಲ್ಲಿ ನಿಂತರೆ ಡಿಸ್ಕನ್ನು ದೂರಬೇಡಿ

ಹೊಸಪೇಟೆ: ಮದುವೆಯ ವಿಡಿಯೊ, ಹಂಪಿ ಉತ್ಸವದ ಚಿತ್ರಗಳು, ಜಮೀನಿನ ಹಳೆಯ ದಾಖಲೆಗಳ ಸ್ಕ್ಯಾನ್ ಪ್ರತಿ ಎಲ್ಲವನ್ನೂ ಒಂದೆಡೆ ಇಡಲು ರೂಟರ್‌ಗೆ ಜೋಡಿಸುವ ನೆಟ್‌ವರ್ಕ್ ಸ್ಟೋರೇಜ್ ಸಾಧನ ಅನುಕೂಲಕರ. ‘ನ್ಯಾಸ್’ ಎಂದು ಕರೆಯಲಾಗುವ ಇದು ಹಾರ್ಡ್‌ಡಿಸ್ಕ್ ಹೊಂದಿರುವ ಪುಟ್ಟ ಕಂಪ್ಯೂಟರ್. ಬಹುತೇಕ ಸಾಧನಗಳು ಲಿನಕ್ಸ್ ಆಧಾರದ ಮೇಲೆ ನಡೆಯುತ್ತವೆ.

ಆದರೆ ಫೈಲ್ ಕಳುಹಿಸುವಾಗ ವೇಗ ಕುಸಿಯುವುದು, ನಕಲು ಅರ್ಧಕ್ಕೆ ನಿಲ್ಲುವುದು, ಒಮ್ಮೊಮ್ಮೆ ಸಾಧನವೇ ಕಾಣಿಸದಿರುವುದು ಉಂಟು. ಡಿಸ್ಕ್ ಕೆಟ್ಟಿತೆಂದು ಭಾವಿಸಿ ಫಾರ್ಮ್ಯಾಟ್ ಮಾಡಿದರೆ ಉಳಿದಿದ್ದೂ ಹೋಗುತ್ತದೆ. ಅದಕ್ಕೂ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು ಇಲ್ಲಿವೆ.

ವೇಗ ಹೇಳುವ ಸುಳಿವು

ನಕಲಿನ ವೇಗ ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲೇ ನಿಂತಿದ್ದರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿರುವ ಸಾಧ್ಯತೆ ಹೆಚ್ಚು. ಗಿಗಾಬಿಟ್ ಸಂಪರ್ಕದಲ್ಲಿ ಇದು 110 ಎಂಬಿವರೆಗೆ ಏರಬಲ್ಲದು. 100 ಜಿಬಿ ಚಿತ್ರಗಳ ವರ್ಗಾವಣೆಗೆ ಮೊದಲನೆಯದರಲ್ಲಿ ಎರಡೂವರೆ ಗಂಟೆ, ಎರಡನೆಯದರಲ್ಲಿ ಹದಿನೈದು ನಿಮಿಷ ಸಾಕು. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿಗಳು ಬೇಕು. ಒಂದು ತುಂಡಾದರೂ ವೇಗ ಕುಸಿಯುತ್ತದೆ. ಆದ್ದರಿಂದ ಮೊದಲು ಕೇಬಲ್ ಬದಲಿಸಿ ನೋಡಬೇಕು. ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ವೈ-ಫೈ ದುರ್ಬಲಗೊಳ್ಳುವುದರಿಂದ ದೊಡ್ಡ ಫೈಲ್‌ಗಳಿಗೆ ಕೇಬಲ್ ಬಳಸುವುದೇ ಲೇಸು.

ಕನ್ನಡ ಹೆಸರಿನ ತೊಡಕು

ಕೆಲವು ಫೈಲ್‌ಗಳು ಮಾತ್ರ ಹೋಗದಿದ್ದರೆ ಅವುಗಳ ಹೆಸರಿನ ಉದ್ದವನ್ನು ಗಮನಿಸಬೇಕು. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿಯಿದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕಂಪ್ಲಿ’ ಕಣ್ಣಿಗೆ ಎರಡೇ ಅಕ್ಷರ. ಆದರೆ ಸೊನ್ನೆ, ಒತ್ತು ಮೂಡಿಸುವ ಚಿಹ್ನೆ, ಗುಡಿಸು ಸೇರಿ ಯಂತ್ರಕ್ಕೆ ಅದು ಆರು ಸಂಕೇತ, ಅಂದರೆ 18 ಬೈಟ್. ಹೀಗಾಗಿ ಕನ್ನಡ ಹೆಸರು 85 ಸಂಕೇತ ಮೀರುವಂತಿಲ್ಲ. ವಿಂಡೋಸ್ ಇದೇ ಲೆಕ್ಕ ಹಿಡಿಯುವುದಿಲ್ಲವಾದ್ದರಿಂದ ಕಂಪ್ಯೂಟರ್‌ನಲ್ಲಿ ಇರುವ ಫೈಲ್ ನ್ಯಾಸ್‌ಗೆ ಹೋಗದು. ‘ಸಂಡೂರು ಮದುವೆ 01’ ಎಂಬಂತಹ ಚಿಕ್ಕ ಹೆಸರಿಟ್ಟರೆ ತೊಡಕು ನಿವಾರಣೆಯಾಗುತ್ತದೆ.

ಯುಎಸ್‌ಬಿ ಡಿಸ್ಕ್ ಜೋಡಿಸಿದ್ದರೆ ಅದು ಫ್ಯಾಟ್32 ಮಾದರಿಯದೇ ಎಂದೂ ನೋಡಬೇಕು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಸಾಧನ ಕಾಣದಿದ್ದರೆ

ಹಳೆಯ ಸಾಧನಗಳು ಎಸ್‌ಎಂಬಿ-1 ಎಂಬ ಸಂವಹನ ವಿಧಾನವನ್ನಷ್ಟೇ ಬಲ್ಲವು. ಇದರಲ್ಲಿನ ದೋಷವನ್ನು ಬಳಸಿಯೇ 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10 ಆವೃತ್ತಿಯಿಂದ ಹೊಸದಾಗಿ ಅಳವಡಿಸುವ ಕಂಪ್ಯೂಟರ್‌ಗಳಲ್ಲಿ ಇದನ್ನು ಕೈಬಿಡಲಾಗಿದೆ. ಅದನ್ನು ಮತ್ತೆ ಚಾಲೂ ಮಾಡುವುದು ಅಪಾಯಕಾರಿ. ನ್ಯಾಸ್‌ನ ತಂತ್ರಾಂಶವನ್ನು ನವೀಕರಿಸಿ ಎಸ್‌ಎಂಬಿ-2 ಅಥವಾ 3 ಆಯ್ದುಕೊಳ್ಳಬೇಕು. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶಕ್ಕೂ ಅಡ್ಡಿಪಡಿಸುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ರಚಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಅಳಿಸುವ ಮುನ್ನ

ವರ್ಗಾವಣೆಗೆ ‘ಕಟ್’ ಬದಲು ‘ಕಾಪಿ’ಯನ್ನೇ ಬಳಸಬೇಕು. ವಿದ್ಯುತ್ ಕೈಕೊಟ್ಟಾಗ ಅರ್ಧ ಬರೆದ ಫೈಲ್ ಹಾಳಾದರೂ ಮೂಲ ಉಳಿದಿರುತ್ತದೆ. ನ್ಯಾಸ್ ಮತ್ತು ರೂಟರ್ ಎರಡಕ್ಕೂ ಯುಪಿಎಸ್ ಇರುವುದು ಒಳಿತು. ಫೈಲ್‌ಗಳ ಸಂಖ್ಯೆ, ಗಾತ್ರ ಹೋಲಿಸಿ, ಕೆಲವನ್ನು ತೆರೆದು ನೋಡಿದ ಬಳಿಕವೇ ಕ್ಯಾಮೆರಾ ಕಾರ್ಡ್ ಅಳಿಸಬೇಕು.

ಎಲ್ಲ ಫೈಲ್‌ಗಳೂ ನ್ಯಾಸ್ ಸೇರಿದವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ‘ಮೈ ಬುಕ್ ಲೈವ್’ ಸಾಧನಗಳ ಮೇಲೆ ಅಂತರ್ಜಾಲದ ಮೂಲಕ ದಾಳಿ ನಡೆದು, ಅನೇಕ ಬಳಕೆದಾರರ ಮಾಹಿತಿ ಅಳಿಸಿಹೋಯಿತು. ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಅದರ ಚಿತ್ರಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಸಂಪರ್ಕ ಕಳಚಿ ಇಟ್ಟಿರಲೇಬೇಕು.