ಆರುತ್ತಿದ್ದ ನೀರು: ಸ್ಪ್ಯಾನಿಷ್ ಕ್ರಿಯಾಪದದ ಒಂದು ವಿಚಾರ

ಬೀಕರಿನಲ್ಲಿ ಕುದಿನೀರನ್ನು ತುಂಬಿ, ಅದರೊಳಗೆ ಉಷ್ಣಮಾಪಕವನ್ನು ಇಳಿಬಿಟ್ಟು, ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಗುರುತಿಸುವ ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಗುರುತುಗಳನ್ನು ಕೂಡಿಸಿದರೆ ಕೆಳಗಿಳಿಯುವ ಒಂದು ವಕ್ರರೇಖೆ ದೊರೆಯುವುದು. ಈ ರೇಖೆಯನ್ನು ಕುರಿತು ಎರಡು ಬಗೆಯಾಗಿ ಮಾತನಾಡಬಹುದು. "ನೀರು ಆರಿತು" ಎಂದಾಗ ರೇಖೆಯ ಆದಿ ಅಂತ್ಯಗಳೆರಡನ್ನೂ ಒಟ್ಟಿಗೆ ಕಂಡಂತಾಯಿತು, ಕೆಲಸ ಮುಗಿದಿದೆ. "ನೀರು ಆರುತ್ತಿತ್ತು" ಎಂದಾಗಲಾದರೋ, ರೇಖೆಯ ನಡುವೆ ಯಾವುದೋ ಒಂದು ಬಿಂದುವಿನಲ್ಲಿ ನಿಂತು ಅಲ್ಲಿನ ಇಳಿಜಾರನ್ನು ಮಾತ್ರ ಹೇಳಿದಂತಾಯಿತು. ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಎಂಬ ಪ್ರಶ್ನೆಗಳಿಗೆ ಈ ಮಾತಿನಲ್ಲಿ ಉತ್ತರವಿಲ್ಲ.

ಸ್ಪ್ಯಾನಿಷ್ ಭಾಷೆಯಲ್ಲಿ ಮೊದಲನೆಯದನ್ನು "ಎಲ್ ಆಗ್ವ ಸೆ ಎನ್‌ಫ್ರಿಯೋ" ಎಂದೂ ಎರಡನೆಯದನ್ನು "ಎಲ್ ಆಗ್ವ ಸೆ ಎನ್‌ಫ್ರಿಯಾಬ" ಎಂದೂ ಹೇಳುವರು. 'ಆಗ್ವ' ಎಂದರೆ ನೀರು. ಮಿಕ್ಕ ಎರಡು ಅಂಶಗಳು, ಎಂದರೆ 'ಸೆ' ಎಂಬ ಪುಟ್ಟ ಪದವೂ 'ಆಬ' ಎಂಬ ಪ್ರತ್ಯಯವೂ, ಈ ಲೇಖನದ ವಿಷಯ. 20 ದೇಶಗಳ ಅಧಿಕೃತ ಭಾಷೆಯಾಗಿ, ಸುಮಾರು 50 ಕೋಟಿ ಜನರ ತಾಯಿನುಡಿಯಾಗಿರುವ ಈ ಭಾಷೆಯನ್ನು ಕಲಿಯಲು ಹೊರಟ ನಮ್ಮ ವಿದ್ಯಾರ್ಥಿಗೆ ಸಾಮಾನ್ಯವಾಗಿ ದೊರೆಯುವುದು ಇಂಗ್ಲಿಷಿನಲ್ಲಿ ಬರೆದ ಪಾಠಪುಸ್ತಕ. ಅದರಲ್ಲಿ ಈ ಪ್ರಕರಣವನ್ನು ಕಠಿಣವೆಂದು ವರ್ಣಿಸಿರುವುದುಂಟು. ಆ ಕಾಠಿಣ್ಯದಲ್ಲಿ ಬಹುಭಾಗ ಇಂಗ್ಲಿಷಿನದೇ ಹೊರತು ಸ್ಪ್ಯಾನಿಷಿನದಲ್ಲವೆಂಬುದು ನಮ್ಮ ಅಭಿಪ್ರಾಯ. ಕನ್ನಡಿಗನಿಗೆ ಎಡವಲು ಬೇರೆಯೇ ಒಂದು ಕಲ್ಲಿದೆ.

ಆ ಕಲ್ಲನ್ನೇ ಮೊದಲು ನೋಡೋಣ. ಕನ್ನಡದಲ್ಲಿ 'ಆರು' ಎಂಬುದು ಮೂಲಧಾತು. ಯಾರಾದರೂ ಬೇಕೆಂದೇ ಬಿಸಿಯನ್ನು ಕಳೆದರೆ 'ಇಸು' ಸೇರಿಸಿ 'ಆರಿಸು' ಎನ್ನುವೆವು. ಏಳು, ಎಬ್ಬಿಸು, ಮಲಗು, ಮಲಗಿಸು, ಕರಗು, ಕರಗಿಸು: ಎಲ್ಲೆಡೆಯೂ ತಾನಾಗಿ ಆಗುವ ಕ್ರಿಯೆ ಮೊದಲು, ಮಾಡಿಸುವವನು ಆಮೇಲೆ. ಸ್ಪ್ಯಾನಿಷಿನ ಎಷ್ಟೋ ಧಾತುಗಳಲ್ಲಿ ದಿಕ್ಕು ಇದಕ್ಕೆ ತಿರುಗುಮುರುಗು. 'ಎನ್‌ಫ್ರಿಯಾರ್' ಎಂದರೆ ಆರಿಸು. ಅದಕ್ಕೆ 'ಸೆ' ಸೇರಿ 'ಎನ್‌ಫ್ರಿಯಾರ್ಸೆ' ಆದಾಗ ಆರು. 'ಲೆಬಂತಾರ್' ಎಂದರೆ ಎಬ್ಬಿಸು ಅಥವಾ ಎತ್ತು. 'ಲೆಬಂತಾರ್ಸೆ' ಎಂದರೆ ಏಳು. 'ಅಕೋಸ್ತಾರ್' ಮಲಗಿಸು, 'ಅಕೋಸ್ತಾರ್ಸೆ' ಮಲಗು. ನಾವು ಕರ್ತೃವನ್ನು ಕೂಡಿಸುವ ಕಡೆ ಅವರು ಕಳೆಯುವರು. ಆದ ಕಾರಣ ಕನ್ನಡಿಗನು "ನಾನು ಆರು ಗಂಟೆಗೆ ಏಳುತ್ತಿದ್ದೆ" ಎನ್ನಲು ಹೋಗಿ, ಏಳುವುದರಲ್ಲಿ 'ತನ್ನನ್ನು' ಎಂಬುದೇನೂ ಕಾಣದೆ, ಬರಿದೆ 'ಲೆಬಂತಾಬ' ಎಂದುಬಿಟ್ಟರೆ, ಕೇಳಿದವನು "ಏನನ್ನು ಎತ್ತುತ್ತಿದ್ದೆ?" ಎಂದು ಕಾದು ಕುಳಿತಾನು! ಅಲ್ಲಿ 'ಮೆ ಲೆಬಂತಾಬ' ಎಂದೇ ಹೇಳಬೇಕು.

ಎಲ್ಲ ಕಡೆಯೂ ಹೀಗೆ ವಿರೋಧವಿದೆಯೆಂದು ಅಂಜಬೇಕಾಗಿಲ್ಲ. 'ತೊಳೆದುಕೊಳ್ಳು', 'ಕುಳಿತುಕೊಳ್ಳು', 'ತೆರೆದುಕೊಳ್ಳು' ಎನ್ನುವಾಗ ನಮ್ಮ 'ಕೊಳ್ಳು' ಮಾಡುವ ಕೆಲಸವು 'ಸೆ' ಮಾಡುವ ಕೆಲಸಕ್ಕೆ ಬಹು ಹತ್ತಿರ. ಬಾಗಿಲು ತೆರೆದುಕೊಳ್ಳುತ್ತಿತ್ತು ಎಂಬುದು ಅವರಲ್ಲಿ "ಲಾ ಪ್ವೆರ್ತ ಸೆ ಅಬ್ರೀಯ". ಕೈ ಹಚ್ಚಿದವರಾರೆಂಬುದನ್ನು ಎರಡು ಭಾಷೆಗಳೂ ಹೇಳದೆ ಬಿಡುತ್ತವೆ. ಸಂಸ್ಕೃತ ಓದಿದ ವಾಚಕರಿಗೆ ಪಚತಿ, ಪಚತೇ ಎಂಬ ಹಳೆಯ ಉದಾಹರಣೆ ನೆನಪಾದೀತು: ಅಡುಗೆಯ ಫಲ ಪರರಿಗಾದರೆ ಪರಸ್ಮೈಪದ, ತನಗಾದರೆ ಆತ್ಮನೇಪದ. ಮೂರು ಭಾಷೆಗಳ ಉಪಾಯಗಳು ಬೇರೆಬೇರೆ. ಕ್ರಿಯೆ ಎಲ್ಲಿ ಹೋಗಿ ನೆಲೆಸಿತೆಂಬ ವಿಚಾರ ಮಾತ್ರ ಒಂದೇ.

ಇನ್ನು ಕಾಲದ ಮಾತು. ಈ ಅಪೂರ್ಣ ಭೂತಕಾಲದ ರೂಪಗಳು ಆಶ್ಚರ್ಯಪಡುವಷ್ಟು ಕ್ರಮಬದ್ಧ. 'ಆರ್' ಎಂದು ಮುಗಿಯುವ ಧಾತುಗಳಿಗೆಲ್ಲ 'ಆಬ', 'ಏರ್' ಮತ್ತು 'ಈರ್' ಎಂದು ಮುಗಿಯುವವುಗಳಿಗೆ 'ಈಯ'. ಕ್ರಮ ತಪ್ಪಿದವು ಇಡೀ ಭಾಷೆಯಲ್ಲಿ ಇರು, ಹೋಗು, ನೋಡು ಎಂಬ ಅರ್ಥದ ಮೂರೇ ಧಾತುಗಳು. 'ಆಬ' ಎಂಬುದು ಲ್ಯಾಟಿನ್ನಿನ 'ಆಬಾಮ್' ಎಂಬುದರ ಸವೆದ ರೂಪ. ಉಳಿದ ಧಾತುಗಳಲ್ಲಿ ಆ ಬಕಾರವೂ ಸವೆದುಹೋಗಿ 'ಈಯ' ಮಾತ್ರ ಉಳಿಯಿತು.

ವೆನೆಜ಼ುವೆಲದ ಕರಾಕಾಸಿನಲ್ಲಿ 1781ರಲ್ಲಿ ಹುಟ್ಟಿದ ಆಂದ್ರೆಸ್ ಬೆಯೋ ಎಂಬ ಪಂಡಿತನು 1847ರಲ್ಲಿ ಚಿಲಿ ದೇಶದಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಈ ಕಾಲಕ್ಕೆ 'ಕೋಪ್ರೆತೇರಿತೊ' ಎಂಬ ಹೆಸರಿಟ್ಟನು. ಕನ್ನಡದಲ್ಲಿ 'ಸಹಭೂತ' ಎನ್ನಬಹುದು. ಬೇರೊಂದು ಭೂತಕಾಲದ ಘಟನೆಯೊಡನೆ ಇದು ಸಹವಾಸಿ ಎಂದು ಆತನ ಭಾವ. ಭೌತವಿಜ್ಞಾನದವರಾದ ನಮಗೆ 'ಅಪೂರ್ಣ' ಎಂಬ ಹೆಸರಿಗಿಂತ ಇದು ಹೆಚ್ಚು ಹಿಡಿಸಿದೆ. ಏಕೆಂದರೆ ಇಳಿಜಾರನ್ನು ಹೇಳಬೇಕಾದರೆ ಯಾವ ಬಿಂದುವಿನಲ್ಲಿ ಎಂದು ಹೇಳಬೇಕಲ್ಲವೆ? "ನಾವು ಒಳಗೆ ಬಂದಾಗ ನೀರು ಆರುತ್ತಿತ್ತು" ಎಂಬಲ್ಲಿ ನಾವು ಬಂದುದೇ ಆ ಬಿಂದು.

ಅದೇ ರೂಪ ಹಿಂದಿನ ರೂಢಿಯನ್ನೂ ಹೇಳುತ್ತದೆ. "ಮೆ ಲೆಬಂತಾಬ" ಎಂಬುದಕ್ಕೆ ದಿನವೂ ಏಳುತ್ತಿದ್ದೆ ಎಂದೂ ಅರ್ಥ, ಆ ಗಳಿಗೆಯಲ್ಲಿ ಏಳುತ್ತಿದ್ದೆ ಎಂದೂ ಅರ್ಥ. ಇಂಗ್ಲಿಷಿನಲ್ಲಿ ಇವುಗಳಿಗೆ ಬೇರೆಬೇರೆ ವಾಕ್ಯರಚನೆಗಳಿರುವುದರಿಂದ ಆ ಪಾಠಪುಸ್ತಕಗಳು ಪುಟಗಟ್ಟಲೆ ನಿಯಮಗಳನ್ನು ಬರೆಯುತ್ತವೆ. ಕನ್ನಡದ 'ಏಳುತ್ತಿದ್ದೆ' ಎಂಬ ಒಂದೇ ಪದ ಎರಡನ್ನೂ ಹೊರುವುದನ್ನು ವಾಚಕರು ಈಗಾಗಲೇ ಗಮನಿಸಿರಬಹುದು. ಇಂಗ್ಲಿಷಿನ ಸುತ್ತುದಾರಿ ಹಿಡಿಯದೆ 'ಉತ್ತಿದ್ದ' ಎಂಬಲ್ಲಿಂದ 'ಆಬ'ಕ್ಕೆ ನೇರವಾಗಿ ನಡೆದರೆ ಸಾಮಾನ್ಯವಾಗಿ ದಾರಿ ತಪ್ಪುವುದಿಲ್ಲ.

ಎರಡು ಅಂಶಗಳೂ ಕೂಡಿದಾಗ ಒಂದು ಸೊಗಸು ತೋರುವುದು. 'ಲಬಾರ್' ಎಂದರೆ ತೊಳೆ. ಇದರ ಅಪೂರ್ಣ ರೂಪವಾದ 'ಲಬಾಬ' ಎಂಬುದು ನಾನು ತೊಳೆಯುತ್ತಿದ್ದೆ ಎಂದೂ ಆಗಬಹುದು, ಅವನು ಅಥವಾ ಅವಳು ಎಂದೂ ಆಗಬಹುದು, ಪ್ರತ್ಯಯದಲ್ಲಿ ಭೇದವಿಲ್ಲ. ಆದರೆ 'ಮೆ ಲಬಾಬ' ಎಂದೊಡನೆ ತೊಳೆದುಕೊಳ್ಳುತ್ತಿದ್ದವನು ನಾನೇ. 'ಸೆ ಲಬಾಬ' ಎಂದರೆ ನಾನಲ್ಲ. ಇತ್ತ 'ಸೆ' ಎಂಬುದಕ್ಕೆ ಏಕವಚನ ಬಹುವಚನಗಳ ಭೇದವಿಲ್ಲ; ಆ ಕೊರತೆಯನ್ನು ಪ್ರತ್ಯಯ ತುಂಬುವುದು: 'ಸೆ ಲಬಾಬ' ಒಬ್ಬರು, 'ಸೆ ಲಬಾಬಾನ್' ಹಲವರು. ಒಂದು ಸರಳರೇಖೆಯಿಂದ ಬಿಂದುವಿನ ನೆಲೆ ನಿಶ್ಚಯವಾಗದು, ಎರಡು ಸಂಧಿಸಿದರೆ ಆಗುವುದು; ಇಲ್ಲಿಯೂ ಹಾಗೆಯೇ. ಅವನೋ ಅವಳೋ ಎಂಬುದು ಮಾತ್ರ ಆಮೇಲೂ ಸಂದರ್ಭಕ್ಕೆ ಬಿಟ್ಟದ್ದು. (ಬರೆಹದಲ್ಲಿ 'ವಿ' ಎಂಬ ಅಕ್ಷರವಿದ್ದರೂ ಉಚ್ಚಾರಣೆ ಬಕಾರಕ್ಕೆ ಸಮೀಪವಾದುದರಿಂದ ನಾವು ಬಕಾರವನ್ನೇ ಬರೆದಿದ್ದೇವೆ.)

ಇದೆಲ್ಲ ಬರಿಯ ಪರೀಕ್ಷೆಯ ಮಾತೆಂದು ಯಾರೂ ತಿಳಿಯಬಾರದು. ದಡದಲ್ಲಿ ನಿಂತವನೊಬ್ಬನು "ಸೆ ಆಓಗಾಬ" ಎಂದರೆ ಆ ಮನುಷ್ಯನು ಮುಳುಗುತ್ತಿದ್ದನು. ಬದುಕಿದನೋ ಇಲ್ಲವೋ ಎಂಬುದನ್ನು ಮುಂದಿನ ವಾಕ್ಯದಲ್ಲಿ ಕೇಳಬೇಕು. "ಸೆ ಆಓಗೋ" ಎಂದನೆನ್ನಿರಿ: ಆ ಮನುಷ್ಯನು ಮುಳುಗಿ ಸತ್ತನೆಂದೇ ಸಾಮಾನ್ಯವಾಗಿ ಗ್ರಹಿಸುವರು. 'ಸೆ ಮೋರೀಯ', 'ಸೆ ಮುರಿಯೋ' ಎಂಬ ಜೋಡಿಯೂ ಇಂಥದೇ. ಮೊದಲನೆಯದರಲ್ಲಿ ರೋಗಿ ಸಾಯುತ್ತಿದ್ದಾನೆ, ವೈದ್ಯನಿಗೆ ಇನ್ನೂ ಕೆಲಸವಿರಬಹುದು, ಎರಡನೆಯದರಲ್ಲಿ ಸತ್ತಿದ್ದಾನೆ. ಸಾಯುವುದಕ್ಕೆ 'ಮೋರೀರ್' ಎಂಬ ಧಾತುವೊಂದೇ ಸಾಕು. ಇಲ್ಲಿ 'ಸೆ' ಯಾವ ಕರ್ತೃವನ್ನೂ ಕಳೆಯುವುದಿಲ್ಲ. ಅದು ಸೇರಿದಾಗ ಮಾತಿಗೆ ಮನೆಯವರ ಆಪ್ತತೆ ಬರುವುದು. ವಾರ್ತಾಪತ್ರಿಕೆಯ ಒಕ್ಕಣೆಯಲ್ಲಿ ಹೆಚ್ಚಾಗಿ ಬರಿಯ 'ಮುರಿಯೋ' ಕಾಣುವುದು; ಅಜ್ಜನನ್ನು ಕಳೆದುಕೊಂಡ ಮೊಮ್ಮಗನ ಬಾಯಲ್ಲಿ 'ಸೆ ಮುರಿಯೋ' ಬರುವುದು.

ಪದಗಳ ಸ್ಥಾನವನ್ನು ಕುರಿತು ಒಂದು ಮಾತು. ಇಂದಿನ ಸ್ಪ್ಯಾನಿಷಿನಲ್ಲಿ ಮೆ, ಸೆ ಮೊದಲಾದವು ಕಾಲಸೂಚಕವಾದ ಕ್ರಿಯಾಪದದ ಮುಂದುಗಡೆ ನಿಲ್ಲುವುವು. ಹಳೆಯ ಪುಸ್ತಕಗಳನ್ನು ತೆರೆದವರಿಗಾದರೋ, ವಾಕ್ಯಾರಂಭದಲ್ಲಿ 'ಸೆ ಯಾಮಾಬ' ಎಂಬುದರ ಬದಲು 'ಯಾಮಾಬಸೆ' ಎಂಬ ರೂಪ ಎದುರಾಗಬಹುದು. ಅವನ ಹೆಸರು ಇಂಥದಾಗಿತ್ತು ಎಂದು ಅರ್ಥ. ಅಲ್ಲಿ 'ಸೆ' ನಮ್ಮ 'ಕೊಳ್ಳು' ಎಂಬಂತೆ ಧಾತುವಿನ ಹಿಂದೆಯೇ ಬಂದು ಅಂಟಿಕೊಂಡಿರುತ್ತದೆ.