ಹಗುರ ಸ್ಟೇರಿಂಗನ್ನು ಬೇಕೆಂದೇ ಭಾರ ಮಾಡಿಕೊಳ್ಳುವವರು

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ತಿರುವಿಗೆ ಬಂದಾಗ ಭಕ್ತರ ಕಣ್ಣು ಕಳಶದ ಮೇಲಿದ್ದರೆ, ರಥ ನಡೆಸುವವರ ಕಣ್ಣು ಚಕ್ರದ ಬುಡದಲ್ಲಿರುತ್ತದೆ. ಸಾವಿರಾರು ಕೈಗಳು ಹಗ್ಗ ಜಗ್ಗಿದರೂ ತೇರಿನ ದಿಕ್ಕು ಬದಲಾಗುವುದು ಚಕ್ರಕ್ಕೆ ಕೊಡುವ ಮರದ ದಿಮ್ಮಿಯಿಂದ. ಭಾರ ಹೊತ್ತ ಚಕ್ರವನ್ನು ಎಳೆಯುವುದು ಒಂದು ಕೆಲಸ, ತಿರುಗಿಸುವುದು ಇನ್ನೊಂದು. ಅಲ್ಲಿಂದ ಕಪಿಲಾ ನದಿಯ ಗುಂಟ ಮೇಲಕ್ಕೆ ಹೋದರೆ ಸಿಗುವ ಹುಲ್ಲಹಳ್ಳಿಯ ನಾಲೆ ಬಯಲಿನಲ್ಲಿ ಗದ್ದೆ ಉಳುವವರಿಗೂ ಇದು ಗೊತ್ತು. ಟ್ರ್ಯಾಕ್ಟರಿನ ಮುಂಚಕ್ರ ಕೆಸರಿನಲ್ಲಿ ಹೂತಾಗ ಪವರ್ ಸ್ಟೇರಿಂಗ್ ಇದ್ದರೆ ರಟ್ಟೆ ಉಳಿಯುತ್ತದೆ.

ಹೀಗಿರುವಾಗ, ದುಬಾರಿ ಸ್ಪೋರ್ಟ್ಸ್ ಕಾರು ಕೊಂಡು ಅದರ ಪವರ್ ಸ್ಟೇರಿಂಗನ್ನು ಬೇಕೆಂದೇ ಕಡಿದುಹಾಕುವವರೂ ಇದ್ದಾರೆ. ಅವರಿಗೆ ಬೇಕಿರುವುದು ರಸ್ತೆಯ ಸುದ್ದಿ. ವೇಗದ ತಿರುವಿನಲ್ಲಿ ಮುಂದಿನ ಟೈರು ಹಿಡಿತ ಬಿಡುವ ಮುನ್ನ ಸ್ಟೇರಿಂಗ್ ತುಸು ಸಡಿಲವಾದಂತೆ ಕೈಗೆ ತಿಳಿಯುತ್ತದೆ. ಮೋಟಾರಿನ ನೆರವು ಆ ಸೂಚನೆಯನ್ನು ಮಂಕಾಗಿಸುತ್ತದೆ ಎಂಬುದು ಅವರ ದೂರು.

ಕಾರುಗಳಿಗೆ ಪವರ್ ಸ್ಟೇರಿಂಗ್ ಮಾರುಕಟ್ಟೆಯಲ್ಲಿ ಮೊದಲು ಸಿಕ್ಕಿದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಅದು ಎಣ್ಣೆಯ ಒತ್ತಡದಿಂದ ನಡೆಯುತ್ತಿತ್ತು. ವಿದ್ಯುತ್ ಮೋಟಾರಿನ ಸ್ಟೇರಿಂಗ್ 1988ರಲ್ಲಿ ಜಪಾನಿನ ಪುಟ್ಟ ಸುಜುಕಿ ಸೆರ್ವೋ ಕಾರಿಗೆ ಬಂತು. 1990ರ ಹೋಂಡಾ ಎನ್‌ಎಸ್‌ಎಕ್ಸ್ ಸ್ಪೋರ್ಟ್ಸ್ ಕಾರಿನಲ್ಲಿ ಆಟೊಮ್ಯಾಟಿಕ್ ಗೇರಿನವರಿಗೆ ಅದನ್ನು ಕೊಟ್ಟು, ಕೈಯಿಂದ ಗೇರು ಹಾಕುವವರಿಗೆ ಕೊಡಲಿಲ್ಲ. ಬಿಡದಿಯಲ್ಲಿ ತಯಾರಾಗಿ 2010ರಲ್ಲಿ ಬಿಡುಗಡೆಯಾದ ಟೊಯೋಟಾ ಎಟಿಯೋಸ್‌ನಲ್ಲಿ ಇದೇ ತಂತ್ರವಿದೆ. ನಮ್ಮ ಊರುಗಳ ಟ್ಯಾಕ್ಸಿ ಚಾಲಕರು ಒಂದೇ ಕೈಯಲ್ಲಿ ಕಾರು ತಿರುಗಿಸಿ ನಿಲ್ಲಿಸುವುದು ಇದರ ಬಲದಿಂದಲೇ.

ಒಳಗಿನ ಕೆಲಸ ಸರಳ. ಸ್ಟೇರಿಂಗ್ ತಿರುಗಿಸಿದಾಗ ಟಾರ್ಷನ್ ಬಾರ್ ಎಂಬ ಸಣ್ಣ ಉಕ್ಕಿನ ಸರಳು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಸೆನ್ಸರ್ ಅದನ್ನು ಅಳೆದು ಕಂಟ್ರೋಲ್ ಯೂನಿಟ್‌ಗೆ ತಿಳಿಸುತ್ತದೆ. ಅದು ಕಾರಿನ ವೇಗ ನೋಡಿಕೊಂಡು, ಮೆಲ್ಲಗೆ ಹೋಗುವಾಗ ಮೋಟಾರಿನಿಂದ ಹೆಚ್ಚು ನೆರವು ಕೊಡಿಸುತ್ತದೆ, ಜೋರಾಗಿ ಹೋಗುವಾಗ ಕಡಿಮೆ. ಮೋಟಾರು ನಿಂತರೂ ಸ್ಟೇರಿಂಗಿನಿಂದ ಚಕ್ರದವರೆಗಿನ ಕಬ್ಬಿಣದ ಕೊಂಡಿ ಹಾಗೇ ಇರುತ್ತದೆ. ಕಾರು ತಿರುಗುತ್ತದೆ, ಆದರೆ ತೋಳಿಗೆ ಕೆಲಸ ಹೆಚ್ಚು.

ಫ್ಯೂಸ್ ಕಿತ್ತರೆ ಮೋಟಾರು ನಿಲ್ಲುತ್ತದೆ. ಅಷ್ಟಕ್ಕೇ ಕಾರು ಹಳೆಯ ಕಾಲದ ಮ್ಯಾನುವಲ್ ಸ್ಟೇರಿಂಗಿನದಾಗುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ 1989ರಲ್ಲಿ ಬಂದ ಟೊಯೋಟಾ ಎಂಆರ್2ರ ಎರಡನೇ ಪೀಳಿಗೆ. ಇಂಜಿನ್ ಸೀಟಿನ ಹಿಂದಿರುವುದರಿಂದ ಇದರ ಮುಂಚಕ್ರಗಳ ಮೇಲೆ ಭಾರ ಕಡಿಮೆ. ಎಣ್ಣೆ ಪಂಪನ್ನು ವಿದ್ಯುತ್ ಮೋಟಾರು ತಿರುಗಿಸುವ ಸ್ಟೇರಿಂಗ್ ಇದರ ಕೆಲವು ಕಾರುಗಳಲ್ಲಿದೆ. ವಿದ್ಯುತ್ ಕಡಿದರೆ ಪಂಪು ನಿಲ್ಲುತ್ತದೆ, ಆದರೆ ಕೊಳವೆಯಲ್ಲಿ ಉಳಿದ ಎಣ್ಣೆಯನ್ನು ಚಾಲಕ ತನ್ನ ತೋಳಿನಿಂದಲೇ ತಳ್ಳಬೇಕು. ಪೂರ್ತಿ ವಿದ್ಯುತ್ತಿನ ಸ್ಟೇರಿಂಗ್‌ನಲ್ಲಿ ಎಣ್ಣೆಯ ಬದಲು ನಿಂತ ಮೋಟಾರು ಮತ್ತು ಅದರ ಹಲ್ಲುಚಕ್ರಗಳನ್ನು ಎಳೆದು ತಿರುಗಿಸಬೇಕು. ಮ್ಯಾನುವಲ್ ಸ್ಟೇರಿಂಗಿಗೆ ಹೆಚ್ಚು ಸುತ್ತು ಬೇಕಾಗುವಂತೆ ಹಲ್ಲುಗಳನ್ನು ಹೊಂದಿಸಿರುತ್ತಾರೆ, ಆದ್ದರಿಂದ ಅದು ಹಗುರ. ಪವರ್ ಸ್ಟೇರಿಂಗಿನ ಹಲ್ಲುಗಳು ನೆರವಿದೆ ಎಂದೇ ಲೆಕ್ಕ ಹಾಕಿದವು. ಮೊದಲ ಲೋಟಸ್ ಎಲಿಸ್ ಸ್ಪೋರ್ಟ್ಸ್ ಕಾರಿನ ಸ್ಟೇರಿಂಗ್ ನೆರವಿಲ್ಲದೆ ಅಷ್ಟು ಚೆನ್ನಾಗಿರುವುದಕ್ಕೆ ಇಡೀ ಕಾರನ್ನೇ ಹಗುರವಾಗಿ ಕಟ್ಟಿದ್ದು ಕಾರಣ. ಒಂದು ಫ್ಯೂಸಿನಿಂದ ಆ ಗುಣ ಬರುವುದಿಲ್ಲ.

ಬಿಚ್ಚುವುದಕ್ಕಿಂತ ಮತ್ತೆ ಜೋಡಿಸುವಾಗ ಹೆಚ್ಚು ಎಚ್ಚರ ಬೇಕು. ಇಗ್ನಿಷನ್ ಆರಿಸಿಯೇ ಫ್ಯೂಸ್ ಹಾಕಬೇಕು, ಅದೂ ಕಂಪನಿ ಹೇಳಿದ ಆಂಪಿಯರ್‌ನದೇ ಆಗಿರಬೇಕು. ಮೋಟಾರು ಒಮ್ಮೊಮ್ಮೆ ಹತ್ತಾರು ಆಂಪಿಯರ್ ಎಳೆಯುವುದರಿಂದ ಸಡಿಲ ತಂತಿ ಬಿಸಿಯಾಗುತ್ತದೆ. ನೆರವು ಕಡಿದ ದಿನ ಕಂಟ್ರೋಲ್ ಯೂನಿಟ್ ಬರೆದಿಟ್ಟ ದೋಷದ ಕೋಡನ್ನು ಸ್ಕ್ಯಾನರ್‌ನಿಂದ ಅಳಿಸಬೇಕಾಗಬಹುದು. ಸ್ಟೇರಿಂಗ್ ಭಾಗಗಳನ್ನು ಬಿಚ್ಚಿದ್ದರೆ, ನೇರ ನಿಲುವು ಯಾವುದೆಂದು ಸೆನ್ಸರ್‌ಗೆ ಮತ್ತೆ ಕಲಿಸಬೇಕು. ಇಲ್ಲದಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಕಾರು ಜಾರದಂತೆ ಕಾಯುವ ವ್ಯವಸ್ಥೆಯೂ ಸ್ಟೇರಿಂಗ್ ಕೋನದ ಮಾಹಿತಿಯನ್ನೇ ನಂಬಿರುತ್ತದೆ.

ಆದ್ದರಿಂದ ಈ ಪ್ರಯೋಗಕ್ಕೆ ರೇಸ್ ಟ್ರ್ಯಾಕ್ ತಕ್ಕ ಜಾಗ, ಊರ ರಸ್ತೆಯಲ್ಲ. ನಾಲೆ ಏರಿಯ ಕಿರಿದಾದ ದಾರಿಯಲ್ಲಿ ಎದುರಿಗೆ ಎತ್ತಿನಗಾಡಿ ಬಂದಾಗ, ಶಾಲೆ ಬಿಟ್ಟ ಮಕ್ಕಳು ಅಡ್ಡ ಓಡಿದಾಗ, ಅರೆಗಳಿಗೆಯಲ್ಲಿ ಸ್ಟೇರಿಂಗ್ ತಿರುಗಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ತಯಾರಕರ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ.

ನೆರವು ಮರಳಿತೇ ಎಂದು ತಿಳಿಯಲು ಮೆಕ್ಯಾನಿಕ್‌ಗಳು ಮಾಡುವ ಪರೀಕ್ಷೆ ಬಲು ಹಳೆಯದು. ಕಾರು ನಿಂತಿರುವಾಗ ಸ್ಟೇರಿಂಗನ್ನು ಒಂದು ಕಡೆಗೆ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡುತ್ತಾರೆ. ಅದುವರೆಗೆ ಕಲ್ಲಿನಂತಿದ್ದ ಸ್ಟೇರಿಂಗ್ ಕೈಯೊಳಗೆ ಹಗುರಾಗಿ ಸರಿಯುತ್ತದೆ, ಮುಂದಿನ ಫಲಕದಲ್ಲಿದ್ದ ಹಳದಿ ದೀಪ ಆರುತ್ತದೆ.