ಹಾಡುವ ಮೊದಲು ಖಾತೆ ತೆರೆಯಿರಿ

ಕುಮಟಾದಿಂದ ಹೊನ್ನಾವರದ ಕಡೆ ಹೆದ್ದಾರಿ 66ರಲ್ಲಿ ಬರುವಾಗ ಸಿಗುವ ಊರು ನಮ್ಮ ಧಾರೇಶ್ವರ. ದೇವಸ್ಥಾನವಿದೆ, ಕಡಲಿದೆ. ಆದರೆ ಯಕ್ಷಗಾನ ಬಲ್ಲವರ ಎದುರು ಊರಿನ ಹೆಸರು ಹೇಳಿದರೆ ಅವರಿಗೆ ಮೊದಲು ನೆನಪಾಗುವುದು ಸುಬ್ರಹ್ಮಣ್ಯ ಧಾರೇಶ್ವರರ ಕಂಠ. ಎಲೆಕ್ಟ್ರಿಷಿಯನ್ ಆಗಿ ಮೇಳ ಸೇರಿ, ನಾರ್ಣಪ್ಪ ಉಪ್ಪೂರರ ಶಿಷ್ಯರಾಗಿ, ಪೆರ್ಡೂರು ಮೇಳದ ಪ್ರಧಾನ ಭಾಗವತರಾಗಿ ಮೆರೆದ ಅವರು ತೀರಿಕೊಂಡದ್ದು 2024ರ ಏಪ್ರಿಲ್ 25ರಂದು. ಅವರ ಪದ್ಯಗಳಿರುವ ಕ್ಯಾಸೆಟ್‌ಗಳು ಕರಾವಳಿಯ ಮನೆಮನೆಯಲ್ಲಿ ಇದ್ದವು. ಈಗ ಅವೇ ಪದ್ಯಗಳು ಹುಡುಗರ ಮೊಬೈಲಿನಲ್ಲಿವೆ.

ಆ ಹುಡುಗರೇ ಹೋದ ಮಳೆಗಾಲದಲ್ಲಿ ನನ್ನ ಜಗಲಿಗೆ ಬಂದರು. ನಾನು ನಿವೃತ್ತ ಮಾಸ್ತರ. ಊರಿನ ಸಹಾಯಾರ್ಥ ಆಟಗಳಿಗೆಲ್ಲ ಖಜಾಂಚಿ. ಆಟ ನೋಡಿದ್ದಕ್ಕಿಂತ ಗೇಟಿನ ಪಕ್ಕ ಕೂತು ಟಿಕೆಟ್ ಎಣಿಸಿದ್ದೇ ಹೆಚ್ಚು. ಬೆನ್ನುನೋವಿನಿಂದ ತಿರುಗಾಟ ಬಿಟ್ಟ ಮದ್ದಲೆಗಾರರೊಬ್ಬರ ಚಿಕಿತ್ಸೆಗೆ ಹಣ ಕೂಡಿಸಬೇಕಿತ್ತು.

“ಮಾಸ್ತರ್ರೆ, ಈ ಮಳೇಲಿ ಆಟ ಮಾಡ್ಸುಕೆ ಆಗುದಿಲ್ಲ. ಪದ್ಯದ ಆಲ್ಬಮ್ ಮಾಡ್ವ. ಒಬ್ಬೊಬ್ಬ ಭಾಗವತರು ಒಂದೊಂದು ಪದ್ಯ ಹೇಳ್ಲಿ” ಅಂದರು.

“ದುಡ್ಡು ಯಾರ ಖಾತೆಗೆ ಬತ್ತದೆ ತಮಾ?” ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯೋಚನೆ ಕೆಟ್ಟದ್ದೇನಲ್ಲ. ಸಂಗೀತಗಾರರು ಒಟ್ಟಾಗಿ ಒಂದು ಆಲ್ಬಮ್ ಮಾಡಿ, ಬಂದ ಹಣವನ್ನು ಕಷ್ಟದಲ್ಲಿರುವವರಿಗೆ ಕೊಡುವ ಪದ್ಧತಿ ಜಗತ್ತಿನಲ್ಲಿ ಬಹಳ ಕಾಲದಿಂದ ಇದೆ. ನಮ್ಮಲ್ಲಿ ಅದೇ ಕೆಲಸವನ್ನು ಸಹಾಯಾರ್ಥ ಆಟ ಮಾಡುತ್ತ ಬಂದಿದೆ. ಶಾಲೆಯ ಕೋಣೆಗೋ ಯುವಕ ಮಂಡಳಕ್ಕೋ ಕಾಯಿಲೆ ಬಿದ್ದ ಕಲಾವಿದನಿಗೋ ಹಣ ಬೇಕಾದಾಗ ಊರಿನವರು ಡೇರೆ ಮೇಳವೊಂದನ್ನು ಇಂತಿಷ್ಟು ಮೊತ್ತಕ್ಕೆ ಗೊತ್ತುಮಾಡುತ್ತಾರೆ. ಬೇರೆ ಮೇಳದ ಹೆಸರಾಂತ ಅತಿಥಿ ಕಲಾವಿದರನ್ನು ಕರೆಯುತ್ತಾರೆ. ಕೂಡಾಟವಾದರೆ ಎರಡು ಮೇಳದವರು ಒಂದೇ ರಂಗಸ್ಥಳಕ್ಕೆ ಬರುತ್ತಾರೆ. ಮನೆಮನೆಗೆ ಹೋಗಿ ಟಿಕೆಟ್ ಮಾರಿ, ಮೇಳದ ಮೊತ್ತ, ದೀಪ, ಮೈಕು, ಊಟದ ಖರ್ಚು ಕಳೆದು ಉಳಿದದ್ದೇ ಸಹಾಯ. ರಾತ್ರಿ ಒಂದು ದೊಡ್ಡ ಮಳೆ ಹೊಡೆದರೆ ಉಳಿಯುವುದು ಸಾಲ.

ಆಲ್ಬಮ್‌ಗೆ ಮಳೆಯ ಭಯವಿಲ್ಲ. ಮಳೆಗಾಲವೇ ಅದಕ್ಕೆ ಸರಿಯಾದ ಕಾಲ. ದೀಪಾವಳಿಯ ಆಸುಪಾಸಿಗೆ ಹೊರಟ ಮೇಳಗಳು ಮೇ ಕೊನೆಗೆ ತಿರುಗಾಟ ಮುಗಿಸುತ್ತವೆ. ಆಮೇಲೆ ಭಾಗವತರು ಕೈಗೆ ಸಿಗುತ್ತಾರೆ. ಅಮೆರಿಕದವರೂ ಹೀಗೆ ಎಲ್ಲರೂ ಒಟ್ಟಿಗೆ ಸಿಗುವ ಹೊತ್ತನ್ನೇ ಹಿಡಿದರು. ಇಥಿಯೋಪಿಯಾದ ಬರಗಾಲಕ್ಕೆಂದು ‘ವಿ ಆರ್ ದ ವರ್ಲ್ಡ್’ ಹಾಡನ್ನು ಧ್ವನಿಮುದ್ರಿಸಿದ್ದು 1985ರ ಜನವರಿ 28ರ ರಾತ್ರಿ. ಆವತ್ತು ಲಾಸ್ ಏಂಜಲೀಸಿನಲ್ಲಿ ಸಂಗೀತ ಪ್ರಶಸ್ತಿ ಸಮಾರಂಭವಿತ್ತು. ಅದಕ್ಕೆ ಬಂದಿದ್ದ ಗಾಯಕರು ನೇರವಾಗಿ ಸ್ಟುಡಿಯೋಗೆ ಹೋದರು. ಅಹಂಕಾರವನ್ನು ಬಾಗಿಲ ಹೊರಗೇ ಬಿಟ್ಟು ಬನ್ನಿ ಎಂದು ನಿರ್ಮಾಪಕ ಕ್ವಿನ್ಸಿ ಜೋನ್ಸ್ ಅಲ್ಲಿ ಬರೆದು ಅಂಟಿಸಿದ್ದರಂತೆ. ಮೊದಲ ಪದ್ಯ ಯಾರಿಗೆ, ಮಂಗಳ ಯಾರಿಗೆ ಎಂಬ ಜಗಳ ಬಿಡಿಸಿದ ನನ್ನಂಥವನಿಗೆ ಆ ಚೀಟಿಯ ಬೆಲೆ ಗೊತ್ತು.

ಹುಡುಗರಿಗೆ ನಾನು ಹೇಳಿದ್ದು ಅದಕ್ಕಿಂತ ಹಿಂದಿನ ಕತೆ. 1971ರಲ್ಲಿ ಬಾಂಗ್ಲಾದ ನಿರಾಶ್ರಿತರ ಸ್ಥಿತಿ ನೋಡಲಾರದೆ ಸಿತಾರ್ ವಾದಕ ರವಿಶಂಕರ್ ತಮ್ಮ ಶಿಷ್ಯ ಜಾರ್ಜ್ ಹ್ಯಾರಿಸನ್‌ರ ನೆರವು ಕೇಳಿದರು. ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಕಛೇರಿ. ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಜೊತೆಗಿದ್ದರು. ಟಿಕೆಟಿನಿಂದ ಬಂದ ಸುಮಾರು 2,43,000 ಡಾಲರ್ ಬೇಗ ಯುನಿಸೆಫ್‌ಗೆ ಸೇರಿತು. ಆಮೇಲೆ ಕಛೇರಿಯ ಧ್ವನಿಮುದ್ರಿಕೆಯೂ ಚಲನಚಿತ್ರವೂ ಬಂದವು, ಚೆನ್ನಾಗಿ ಮಾರಾಟವಾದವು. ಆದರೆ ತೆರಿಗೆ ವಿನಾಯಿತಿಯ ಏರ್ಪಾಡನ್ನು ಮೊದಲೇ ಮಾಡಿರಲಿಲ್ಲ. ಆ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯ ತಪಾಸಣೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹಾಡಿದವರ ಮನಸ್ಸು ಶುದ್ಧವಾಗಿತ್ತು, ಕೇಳಿದವರು ಹಣ ಕೊಟ್ಟಿದ್ದರು. ಕಾಗದ ಒಂದೇ ಸರಿಯಿರಲಿಲ್ಲ.

ಹಾಗಾಗಿ ಕಾಗದದ ಕೆಲಸ ಮೊದಲು. ಹಣ ನೋಂದಾಯಿತ ಟ್ರಸ್ಟ್‌ಗೆ ಬರಬೇಕು, ಇಲ್ಲವೇ ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆಗೆ ಬರಬೇಕು. ದಾನಿಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದು ಆ ಮಾನ್ಯತೆಯುಳ್ಳ ಸಂಸ್ಥೆಗೆ ಕೊಟ್ಟರೆ ಮಾತ್ರ. ಅದೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಹುಡುಗನೊಬ್ಬನ ಸ್ವಂತ ಮೊಬೈಲ್ ನಂಬರಿಗೆ ದುಡ್ಡು ಹಾಕಿಸಿಕೊಳ್ಳುವುದು ಸುಲಭ. ನಾಳೆ ಊರವರು ಕೇಳಿದಾಗ ಅವನ ರೀಚಾರ್ಜ್ ಯಾವುದು, ಮದ್ದಲೆಗಾರರ ಔಷಧಿ ಯಾವುದು ಎಂದು ಬಿಡಿಸಿ ತೋರಿಸುವುದು ಸುಲಭವಲ್ಲ.

ಎರಡನೆಯದು ಹಕ್ಕು. ಧಾರೇಶ್ವರರ ಹಳೆಯ ಪದ್ಯ ಒಂದೆರಡನ್ನು ಸೇರಿಸಿದರೆ ಆಲ್ಬಮ್ ಬಿಸಿಬಿಸಿಯಾಗಿ ಖರ್ಚಾಗುತ್ತದೆ ಎಂಬುದು ಹುಡುಗರ ಲೆಕ್ಕ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಸಾಮಾನ್ಯವಾಗಿ ಅದು ಕ್ಯಾಸೆಟ್ ಮಾಡಿದ ಕಂಪನಿಯದು. 1985ರ ಕ್ಯಾಸೆಟ್ಟಿಗೆ 2045ರವರೆಗೂ ಒಡೆಯರಿದ್ದಾರೆ. ಬಯಲಲ್ಲಿ ಯಾರೋ ಟೇಪ್ ಮಾಡಿಟ್ಟುಕೊಂಡದ್ದಾದರೂ ಅಷ್ಟೆ, ಪ್ರದರ್ಶಕನ ಹಕ್ಕು 50 ವರ್ಷ. ಅಲ್ಲಿ ಭಾಗವತರಷ್ಟೇ ಅಲ್ಲ, ಚೆಂಡೆಯವರೂ ಮದ್ದಲೆಯವರೂ ಪ್ರದರ್ಶಕರೇ. ಸಾಹಿತ್ಯದ ಮಾತು ಬೇರೆ. ಹಳೆಯ ಕವಿ ಪಾರ್ತಿಸುಬ್ಬನ ಕಾಲದ ಪ್ರಸಂಗಗಳು ಎಲ್ಲರ ಸೊತ್ತು. ಈಗಿನ ಕವಿಯ ಪ್ರಸಂಗವಾದರೆ ಅವರ ಒಪ್ಪಿಗೆ ಬೇಕು. ಸಹಾಯಾರ್ಥ ಎಂದಮಾತ್ರಕ್ಕೆ ಇದರಲ್ಲಿ ಯಾವುದಕ್ಕೂ ಮಾಫಿ ಇಲ್ಲ. ಆದರೆ ಒಳ್ಳೆಯ ಕೆಲಸಕ್ಕೆಂದು ಕೇಳಿದರೆ ಒಪ್ಪುವವರು ಬಹಳ. ಕೇಳಬೇಕು, ಬರೆಸಿಕೊಳ್ಳಬೇಕು.

ಇಷ್ಟಾದ ಮೇಲೆ ಪದ್ಯ. ಇಲ್ಲಿ ಯಕ್ಷಗಾನಕ್ಕೆ ಅದರದೇ ತೊಡಕುಗಳಿವೆ. ಒಬ್ಬೊಬ್ಬ ಭಾಗವತರ ಶ್ರುತಿ ಒಂದೊಂದು. ಆ ಶ್ರುತಿಗೆ ಹೊಂದುವ ಮದ್ದಲೆ ಬೇಕು, ಇಲ್ಲವಾದರೆ ಪ್ರತಿಯೊಬ್ಬರು ಬಂದಾಗಲೂ ಬಿಗಿ ಬದಲಿಸುತ್ತ ಕೂರಬೇಕು. ಹಾಗಾಗಿ ಒಂದೇ ಶ್ರುತಿಯವರನ್ನು ಒಂದೇ ದಿನ ಕರೆಯುವುದು ಜಾಣತನ. ಚೆಂಡೆಯ ಪೆಟ್ಟು ಮೈಕಿಗೆ ನೇರ ಬಿದ್ದರೆ ಭಾಗವತರ ಸ್ವರ ಮುಳುಗುತ್ತದೆ, ಅದನ್ನು ದೂರ ಕೂರಿಸಬೇಕು. ಎಲ್ಲರೂ ಚಪ್ಪಾಳೆ ಬೀಳುವ ಏರುಪದ್ಯವನ್ನೇ ಆರಿಸಿದರೆ ಅರ್ಧ ಗಂಟೆಯಲ್ಲಿ ಕೇಳುವವನಿಗೆ ತಲೆನೋವು. ಗಣಪತಿ ಸ್ತುತಿಯಿಂದ ಹಿಡಿದು ಶೃಂಗಾರ, ಕರುಣ, ಯುದ್ಧ ದಾಟಿ ಮಂಗಳದವರೆಗೆ ಒಂದು ರಾತ್ರಿಯ ಆಟದ ನಡೆಯನ್ನೇ ಇಟ್ಟುಕೊಂಡರೆ ಆಲ್ಬಮ್ ಒಂದು ಹದಕ್ಕೆ ಬರುತ್ತದೆ.

ಹಣದ ವಿಷಯದಲ್ಲಿ ದೊಡ್ಡ ಕನಸು ಬೇಡ. ಮೊಬೈಲಿನಲ್ಲಿ ಹಾಡು ಕೇಳಿಸುವ ಕಂಪನಿಗಳು ಒಂದು ಸಲ ಕೇಳಿದ್ದಕ್ಕೆ ಕೊಡುವುದು ಪೈಸೆ ಲೆಕ್ಕದಲ್ಲಿ. ಪೆನ್‌ಡ್ರೈವ್ ಮಾಡಿ ಕೈಯಿಂದ ಕೈಗೆ ಮಾರುವುದು, ಬೆಂಗಳೂರು ಮುಂಬಯಿಯಲ್ಲಿರುವ ನಮ್ಮ ಕಡೆಯವರಿಗೆ ತಲುಪಿಸುವುದು, ಇಷ್ಟವಿದ್ದಷ್ಟು ಹೆಚ್ಚು ಕೊಡಿ ಎಂದು ಹೇಳುವುದು, ಇವೇ ನಡೆಯುವ ದಾರಿ. ಒಮ್ಮೆಗೆ ದೊಡ್ಡ ಮೊತ್ತ ಬೇಕಾದರೆ ಇವತ್ತಿಗೂ ಆಟವೇ ವಾಸಿ. ಆಲ್ಬಮ್‌ನ ಗುಣ ಬೇರೆ, ಅದರಿಂದ ಹಣ ನಿಧಾನವಾಗಿ, ಬಹಳ ಕಾಲ ಬರಬಲ್ಲದು. ಎಂ.ಎಸ್. ಸುಬ್ಬುಲಕ್ಷ್ಮಿ 1963ರಲ್ಲಿ ಧ್ವನಿಮುದ್ರಿಸಿದ ವೆಂಕಟೇಶ ಸುಪ್ರಭಾತದ ರಾಯಧನವನ್ನು ತಿರುಪತಿಯ ವೇದಪಾಠಶಾಲೆಗೆ ಬಿಟ್ಟುಕೊಟ್ಟಿದ್ದರು. ಅದನ್ನು ಜನ ಇನ್ನೂ ಬೆಳಿಗ್ಗೆ ಹಾಕುತ್ತಲೇ ಇದ್ದಾರೆ.

ಮೇಳದ ಕಲಾವಿದನಿಗೆ ಪಿಂಚಣಿ ಅಪರೂಪ, ಮಳೆಗಾಲಕ್ಕೆ ಸಂಬಳವೂ ಅಪರೂಪ. 2020ರ ಮಾರ್ಚಿನಲ್ಲಿ ಕೊರೊನಾದಿಂದ ತಿರುಗಾಟ ನಡುವೆಯೇ ನಿಂತಾಗ ಅದರ ಬಿಸಿ ಎಲ್ಲರಿಗೂ ತಟ್ಟಿತು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ, ಭಾಗವತ ಪಟ್ಲ ಸತೀಶ ಶೆಟ್ಟರು ಕಟ್ಟಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಇಂಥ ಸಂಸ್ಥೆಗಳು ಕಲಾವಿದರ ಮನೆಗೆ, ಚಿಕಿತ್ಸೆಗೆ ನೆರವಾಗುತ್ತಿವೆ. ಜನ ಅವರನ್ನು ನಂಬಿ ಕೊಡುತ್ತಾರೆ, ಏಕೆಂದರೆ ಕೊಟ್ಟದ್ದು ಎಲ್ಲಿ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ.

ನಿಮ್ಮ ಊರಿನ ಹುಡುಗರೂ ಇಂಥದೊಂದು ಆಲ್ಬಮ್ ತಂದು ಕೈಗಿಟ್ಟರೆ ಬೇಡ ಅನ್ನಬೇಡಿ. ಹಣ ಯಾರಿಗೆ, ಖಾತೆ ಯಾರದು, ಲೆಕ್ಕ ಯಾವಾಗ ತೋರಿಸುತ್ತೀರಿ ಎಂದು ಕೇಳಿ. ಮೂರಕ್ಕೂ ಉತ್ತರ ಬಂದರೆ ಹೇಳಿದ ಬೆಲೆಗಿಂತ ಹತ್ತು ರೂಪಾಯಿ ಹೆಚ್ಚೇ ಕೊಡಿ. ಕೊಂಡದ್ದನ್ನು ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಪುಕ್ಕಟೆ ಹಂಚಬೇಡಿ. ನೀವು ಹಂಚಿದಷ್ಟೂ ಕಾಯಿಲೆಯವರಿಗೆ ಹೋಗುವುದು ಕಡಿಮೆಯಾಗುತ್ತದೆ.